ಏಳನೇ ಓಣಿಯ ಮೊಣಕೈ

ಏಳನೇ ಓಣಿಯ ಮೊಣಕೈ ಸದ್ದು ಮಾಡಿದಾಗ ಜಗದೇವಿ ರೊಟ್ಟಿಯ ಡಬ್ಬಿ ಬಿಚ್ಚಿ ಕೂತಿದ್ದಳು. ನಿಯಂತ್ರಣ ಕೋಣೆಯ ಸ್ಪೀಕರಿನಲ್ಲಿ ದಿನವಿಡೀ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಇದ್ದೇ ಇರುತ್ತಿತ್ತು. ಅಲ್ಲಿ ಕೆಲಸ ಮಾಡುವವರಿಗೆ ಅದು ಕೇಳಿಸುವುದು ಎಂದೋ ನಿಂತುಹೋಗಿತ್ತು. ಇದು ಅದಲ್ಲ. ಒಗ್ಗರಣೆಯಲ್ಲಿ ಒಂದು ಸಾಸಿವೆ ಕಾಳು ಸಿಡಿದಂತೆ ಚಿಟ್ ಎಂದು ಸುಮ್ಮನಾಯಿತು. ಅವಳು ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕಾದಳು. ಮತ್ತೆ ಚಿಟ್ ಎಂದಿತು. ಆಮೇಲೆ ಎರಡು ಜೊತೆಜೊತೆಗೆ. ಅವಳು ಡಬ್ಬಿ ಮುಚ್ಚಿ ಎದ್ದಳು.

ಎದ್ದವಳು ಹೋಗುವ ಜಾಗದ ವಿಷಯ ಸ್ವಲ್ಪ ಹೇಳಬೇಕು. ಬೇಸಿಗೆಯ ಬಿಸಿಲು ಐವತ್ತನ್ನು ದಾಟುವುದು ಸುದ್ದಿಯೇ ಅಲ್ಲ ಎನ್ನುವ ಕಾಲ ಬಂದ ಮೇಲೆ ಸೇಡಂ ಕಡೆಯ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳಲ್ಲಿ ಹಗಲು ನಿಲ್ಲುವುದು ಮನುಷ್ಯರಿಂದ ಆಗದ ಮಾತಾಯಿತು. ಕಲ್ಲಿನ ಕೆಲಸ ನಿಂತಿತು. ತಗಡಿನ ಮನೆಗಳಲ್ಲಿದ್ದವರು ಸಾಲುಸಾಲಾಗಿ ಸತ್ತ ಒಂದು ವರ್ಷದ ನಂತರ ಯಾರಿಗೋ ಬುದ್ಧಿ ಹೊಳೆದು, ಬರಿದಾದ ಗಣಿಗಳ ಗೋಡೆಯಲ್ಲಿ ಅಡ್ಡ ಸುರಂಗ ಕೊರೆದು, ಬಾಯಿಗೆ ಬಾಗಿಲಿಟ್ಟು, ಒಳಗೆ ತಣ್ಣನೆಯ ಗಾಳಿ ಬಿಟ್ಟು ಬೇಸಿಗೆ ಮುಗಿಯುವವರೆಗೆ ಜನರನ್ನು ಅಲ್ಲಿಡುವುದೆಂದು ತೀರ್ಮಾನವಾಯಿತು. ಸರ್ಕಾರ ಅದಕ್ಕೆ ಗ್ರೀಷ್ಮಕಾಲೀನ ಭೂಗತ ವಸತಿ ಸಂಕೀರ್ಣ ಎಂದು ನಾಲಿಗೆ ಹೊರಳದ ಹೆಸರಿಟ್ಟಿತು. ಜನ ಓಣಿ ಅಂದರು. ಹನ್ನೊಂದು ಓಣಿ. ಒಂದೊಂದರಲ್ಲೂ ಒಂದು ಹಳ್ಳಿಯಷ್ಟು ಜನ, ಅವರ ಅಡುಗೆ, ಜಗಳ, ಮದುವೆಯ ಮಾತುಕತೆ ಎಲ್ಲವೂ ನೆಲದೊಳಗೇ.

ಪ್ರತಿ ಓಣಿಯ ಉಸಿರು ಒಂದೇ ಒಂದು ಕೇಬಲ್. ತೋಳಿನಷ್ಟು ದಪ್ಪ. ಅಡ್ಡ ಕೊಯ್ದು ನೋಡಿದರೆ ಉಳ್ಳಾಗಡ್ಡಿಯ ಹಾಗೆ ಸುತ್ತಿನೊಳಗೆ ಸುತ್ತು. ನಟ್ಟನಡುವೆ ಲೋಹದ ಕಡ್ಡಿ, ಅದರ ಮೇಲೆ ಒತ್ತಾಗಿ ಸುತ್ತಿದ ಕಾಗದದ ಪಟ್ಟಿ, ಅದರ ಹೊರಗೆ ಲೋಹದ ಇನ್ನೊಂದು ಕೊಳವೆ. ಒಳಗಿನದರಲ್ಲಿ ಕರೆಂಟು ಹೋಗುತ್ತದೆ, ಹೊರಗಿನದರಲ್ಲಿ ವಾಪಸು ಬರುತ್ತದೆ. ಇದೆಲ್ಲವನ್ನೂ ತೋಯಿಸುತ್ತ ದ್ರವ ಸಾರಜನಕ ಹರಿಯುತ್ತಿರುತ್ತದೆ. ಆ ಚಳಿಗೆ ಈ ಹೊಸ ಬೆರಕೆಯ ಲೋಹ ಕರೆಂಟನ್ನು ತಡೆಯುವ ತನ್ನ ಸ್ವಭಾವವನ್ನೇ ಬಿಟ್ಟುಬಿಡುತ್ತದೆ. ಅದಕ್ಕಿರುವುದು ಒಂದೇ ಹಟ, ಬಾಗುವುದಿಲ್ಲ. ಬಾವಿಯಂಥ ಕೊರೆಯಲ್ಲಿ ನೆಟ್ಟಗೆ ಇಳಿದು ಬಂದದ್ದು ಓಣಿಯೊಳಗೆ ಹೋಗಲು ಅಡ್ಡ ತಿರುಗಲೇಬೇಕು, ಬಂಡೆಯಲ್ಲಿ ದೊಡ್ಡ ತಿರುವಿಗೆ ಜಾಗವಿಲ್ಲ. ಹಾಗಾಗಿ ಅಲ್ಲಿ ಕತ್ತರಿಸಿ ಲಂಬಕೋನದ ಜೋಡಣೆಯೊಂದನ್ನು ಹಿತ್ತಾಳೆಯ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ. ಒಳಗಿನದು ಒಳಗಿನದಕ್ಕೆ, ಹೊರಗಿನದು ಹೊರಗಿನದಕ್ಕೆ, ನಡುಬಿಂದು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತಿರುಗಿಸಿ ಸೇರಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಅದನ್ನೇ ಎಲ್ಲರೂ ಮೊಣಕೈ ಅನ್ನುವುದು.

ಮೊಣಕೈಯೊಳಗೆ ಚಿಟಚಿಟ ಸದ್ದಾಗುತ್ತಿದೆ ಎಂದರೆ ಕಡ್ಡಿಗೂ ಕೊಳವೆಗೂ ನಡುವಿನ ಕಾಗದವನ್ನು ಕಿಡಿಗಳು ಇಷ್ಟಿಷ್ಟೇ ತಿನ್ನುತ್ತಿವೆ ಎಂದರ್ಥ. ಪೂರ್ತಿ ತೂತು ಬಿದ್ದ ಕ್ಷಣ ಸಾರಜನಕ ಕುದಿದು ಪೆಟ್ಟಿಗೆ ಒಡೆಯುತ್ತದೆ. ಓಣಿಯೊಳಗೆ ಸಾರಜನಕ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರಗೆ ದಬ್ಬುತ್ತದೆ. ಅದಕ್ಕೆ ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ಕೂತವರು ಕೂತಲ್ಲೇ, ಮಲಗಿದವರು ಮಲಗಿದಲ್ಲೇ ಮುಗಿದುಹೋಗುತ್ತಾರೆ.

ಜಗದೇವಿ ಓಡಲಿಲ್ಲ. ನಿಯಂತ್ರಣ ಕೋಣೆಯವರು ಓಡಿದರೆ ಓಣಿಯವರು ಅದಕ್ಕಿಂತ ಜೋರಾಗಿ ಓಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಮೆಟ್ಟಿಲಿಳಿದು ಏಳನೇ ಓಣಿಯ ಬಾಗಿಲು ದಾಟುತ್ತಲೇ ಎಡಕ್ಕೆ ಅವಳದೇ ಮನೆ, ಅಂದರೆ ಬಂಡೆಯಲ್ಲಿ ಕೊರೆದ ಒಂದು ಗೂಡು ಮತ್ತು ಒಂದು ಪರದೆ. ಪಕ್ಕದ ಗೂಡು ಮಾಲನಬಿಯದು. ಮಾಲನಬಿ ಕೇಬಲ್ ಜೋಡಿಸುವ ಕೆಲಸದವಳು; ಪಾಳಿ ಇದ್ದಾಗಲೆಲ್ಲ ಜಗದೇವಿಯ ಆರು ವರ್ಷದ ಮಗಳು ನೀಲಾಳಿಗೆ ಅಲ್ಲೇ ಊಟ, ಅಲ್ಲೇ ಆಟ. ಆಗಲೂ ನೀಲಾ ಮಾಲನಬಿಯ ಅಪ್ಪ ಹುಸೇನಪ್ಪನ ಹೊಟ್ಟೆಯ ಮೇಲೆ ಕವಡೆ ಸಾಲಾಗಿ ಜೋಡಿಸುತ್ತ ಕೂತಿದ್ದಳು, ಮುದುಕ ಕವಡೆ ಬೀಳದಂತೆ ಉಸಿರು ಬಿಗಿಹಿಡಿದು ಅಂಗಾತ ಮಲಗಿದ್ದ. ಜಗದೇವಿಯನ್ನು ಕಂಡು, ಈ ಹೊತ್ತಿನಲ್ಲಿ ಯಾಕೆ ಬಂದೆ, ಊಟ ಆಯಿತೇ ಎಂದು ಅಲುಗದೆ ಕೇಳಿದ. ಆಯಿತು ಎಂದು ಸುಳ್ಳು ಹೇಳಿದಳು.

ಓಣಿಯ ಹಿಂಬದಿಯ ಸಣ್ಣ ಬಾಗಿಲಾಚೆ ಕೊರೆಯ ಬುಡದಲ್ಲಿ ಮೊಣಕೈಯ ಗುಂಡಿ. ಹಿತ್ತಾಳೆಯ ಪೆಟ್ಟಿಗೆಗೆ ಒಂದು ಕಟ್ಟಿಗೆಯ ಕೋಲು ಹಚ್ಚಿ ಇನ್ನೊಂದು ತುದಿಗೆ ಕಿವಿಯಿಟ್ಟಳು. ಸಾಸಿವೆ ಈಗ ಒಂದೊಂದಾಗಿ ಸಿಡಿಯುತ್ತಿರಲಿಲ್ಲ. ಸದ್ದು ಎಲ್ಲಿಂದ ಬರುತ್ತಿದೆಯೆಂದು ಕೋಲನ್ನು ಅಲ್ಲಲ್ಲಿ ಹಚ್ಚಿ ನೋಡಿದಳು. ಕೇಬಲ್ ಬಂದು ಸೇರುವ ಬಾಯಿಗಳಲ್ಲಿ ಇಲ್ಲ. ತಿರುವಿನ ಹೊರಬದಿಯಲ್ಲಿ, ಸರಿಯಾಗಿ ಮೂಲೆಯಲ್ಲಿ.

 ಆ ಮೂಲೆ ಅವಳಿಗೆ ಗೊತ್ತಿತ್ತು.

ಓಣಿಗಳು ಶುರುವಾದಾಗ ಜೋಡಣೆಯ ಕೆಲಸಕ್ಕೆ ಹೊರಗಿನವರು ಯಾರೂ ಬರಲಿಲ್ಲ. ಕೆಲಸ ಕಳೆದುಕೊಂಡ ಫರಸಿ ಕಲ್ಲಿನವರನ್ನೇ ಹಿಡಿದು ಕಲಿಸಿದರು. ಅವರ ಕೈ ಅಂಥದ್ದು, ಕೂದಲೆಳೆಯ ಲೆಕ್ಕ ಅವರಿಗೆ ಹೊಸದಲ್ಲ. ಆದರೆ ಕಲ್ಲಿನವನಿಗೆ ಮೂಲೆ ಎಂದರೆ ಪ್ರಾಣ. ಮೂಲೆ ಅಳೆಯುವ ಗುಣ್ಯಾ ಹಿಡಿದು ನೋಡಿದಾಗ ಬೆಳಕು ತೂರಬಾರದು, ಅಂಚಿನ ಮೇಲೆ ಉಗುರು ಎಳೆದರೆ ಕಚ್ಚಬೇಕು. ಹುಸೇನಪ್ಪ ತನ್ನ ಕಾಲದಲ್ಲಿ ಮೂಲೆ ಮೊಂಡಾದ ಕಲ್ಲನ್ನು ಎತ್ತಿ ಗಣಿಯ ಕೆಳಗೆ ಎಸೆದು, ಅದನ್ನು ಕೆತ್ತಿದವನ ಕಡೆ ಇಡೀ ದಿನ ತಿರುಗಿ ನೋಡುತ್ತಿರಲಿಲ್ಲವಂತೆ. ಅವನ ಕೈಯಲ್ಲಿ ಪಳಗಿದವರೇ ಹನ್ನೊಂದು ಓಣಿಯ ಮೊಣಕೈಗಳನ್ನೂ ಮಾಡಿದವರು. ಅವರಲ್ಲಿ ಮೇಲುಗೈ ಭೀಮಶಾನದು.

ನಡುವಿನ ಕಡ್ಡಿ ತಿರುಗುವ ಕಡೆ ಹೊರಮೂಲೆಯನ್ನು ಉರುಟು ಮಾಡಬೇಕೆಂದು ನಕ್ಷೆಯಲ್ಲಿತ್ತು. ಕಲ್ಲಿನವರು ನಕ್ಷೆ ನೋಡಿ ಮೂಗು ಮುರಿದರು. ಪಟ್ಟಣದಲ್ಲಿ ಕೂತವನಿಗೆ ಚೂಪು ಮೂಲೆ ತೆಗೆಯಲು ಬರುವುದಿಲ್ಲವೆಂದು ಹಾಗೆ ಬರೆದಿದ್ದಾನೆ ಎಂದುಕೊಂಡು, ಪಾಪ ಎಂದು, ಅವನಿಗಿಂತ ಒಂದು ಕೈ ಮೇಲಾಗಿಯೇ ಮಾಡಿಕೊಟ್ಟರು. ಭೀಮಶಾ ತನ್ನ ಮೊದಲ ಮೊಣಕೈಯನ್ನು, ಇದೇ ಏಳನೇ ಓಣಿಯದನ್ನು, ಪರೀಕ್ಷೆಗೆ ತಂದಾಗ ಮೇಜಿನ ಆಚೆ ಕೂತಿದ್ದವಳು ಜಗದೇವಿ. ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಉರುಟು ಯಾಕಿಲ್ಲ ಎಂದು ಕೇಳಿದಳು.

"ಮೂಲಿ ಅಂದ್ರ ಮೂಲಿ ಇರಬೇಕಲ್ರಿ ಮೇಡಂ," ಅಂದ ಭೀಮಶಾ. "ಇದನ್ನ ಕೆಡಸ್ಲಿಕ್ಕ ನನ್ನ ಕೈ ಬರಲ್ಲ."

ಕರೆಂಟಿನ ಒತ್ತಡ ಚೂಪು ಅಂಚಿನಲ್ಲಿ ನೂಕುನುಗ್ಗಲು ಮಾಡುತ್ತದೆ, ತುಂಬಿದ ಬಸ್ಸಿನ ಬಾಗಿಲಲ್ಲಿ ಜನ ಒತ್ತಿ ನಿಲ್ಲುವ ಹಾಗೆ. ಅದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆಗ ಕೇಬಲಿನ ವೋಲ್ಟೇಜು ಕಡಿಮೆ ಇತ್ತು, ಲೆಕ್ಕ ಹಾಕಿದರೆ ಅಂಚು ತಡೆದುಕೊಳ್ಳುತ್ತಿತ್ತು. ಮತ್ತೆ ಆ ವಸ್ತು ಅಷ್ಟು ಛಂದವಿತ್ತು. ದೀಪದ ಕೆಳಗೆ ಹಿಡಿದರೆ ಅಂಚು ಎಳೆದ ಗೆರೆಯಂತೆ ಮಿಂಚುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ ಸರಿಯಿದೆ ಎಂದಳು. ಅವನೂ ಅವಳನ್ನು ನೋಡುತ್ತಿದ್ದ. ಮುಂದಿನ ಬೇಸಿಗೆಗೆ ಅವರ ಮದುವೆಯಾಯಿತು; ಮೊಣಕೈ ಪಾಸಾಯಿತು, ಹುಡುಗನೂ ಪಾಸಾದ ಎಂದು ಓಣಿಯವರು ನಗಾಡಿದರು.

ಈ ಬೇಸಿಗೆಗೆ ಊರೂರುಗಳಿಂದ ಇನ್ನಷ್ಟು ಜನ ಬಂದು ಸೇರಿದರು. ತಂಪು ಸಾಲದೆ ವೋಲ್ಟೇಜು ಏರಿಸಬೇಕಾಯಿತು. ಕೇಬಲ್ ತಡೆಯುತ್ತದೆಯೇ ಎಂದು ಲೆಕ್ಕ ಹಾಕಿದವಳು ಜಗದೇವಿಯೇ. ಲೆಕ್ಕದಲ್ಲಿ ನಕ್ಷೆಯ ಮೊಣಕೈ ಇತ್ತು, ಉರುಟು ಮೂಲೆಯದು. ತಡೆಯುತ್ತದೆ ಎಂದು ಬಂತು, ತಡೆಯುತ್ತದೆ ಎಂದು ಹೇಳಿದಳು. ಗಂಡನ ಕೈಯ ಚೂಪು ಮೂಲೆ ಅವಳಿಗೆ ಒಂದು ಸಲವೂ ನೆನಪಾಗಲಿಲ್ಲ. ಅದನ್ನು ಅವಳು ಯಂತ್ರದ ಭಾಗವೆಂದು ನೋಡುವುದನ್ನೇ ಬಿಟ್ಟಿದ್ದಳು.

ಮೇಲೆ ಬಂದು ಮುಖ್ಯ ಎಂಜಿನಿಯರ್ ಗುರುಪಾದಪ್ಪನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗುರುಪಾದಪ್ಪನವರು ಕೂಗಾಡುವ ಮನುಷ್ಯರಲ್ಲ, ಕಷ್ಟ ಬಂದಷ್ಟೂ ದನಿ ಇಳಿಯುತ್ತಿತ್ತು. ಮೊದಲು ವೋಲ್ಟೇಜು ಇಳಿಸೋಣ ಎಂದರು. ಇಳಿಸಿದರು. ಸಾಸಿವೆ ಸದ್ದು ನಿಂತಿತು. ಇಬ್ಬರೂ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಸ್ವಲ್ಪ ಹೊತ್ತಿಗೆ ಮತ್ತೆ ಚಿಟ್ ಎಂದಿತು. ಕಾಗದ ಆಗಲೇ ಸುಟ್ಟು ಕರಿಯ ದಾರಿ ಮಾಡಿಕೊಂಡಿತ್ತು, ಇನ್ನು ಎಷ್ಟು ಇಳಿಸಿದರೂ ಆ ದಾರಿಯಲ್ಲಿ ಕಿಡಿ ಹರಿಯದೆ ಬಿಡುವುದಿಲ್ಲ. ಹೊತ್ತು ಮುಳುಗುವವರೆಗೂ ತಡೆಯುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ.

ಹೊರಗೆ ಬಿಸಿಲು ಐವತ್ತಮೂರು. ಎಂದಿನಂತೆ ಮೊಣಕೈ ಬದಲಿಸುವುದಾದರೆ ಕರೆಂಟು ತೆಗೆದು, ಲೋಹ ಬೆಚ್ಚಗಾಗುವವರೆಗೆ ಕಾದು, ಹೊಸದು ಕೂರಿಸಿ, ಮತ್ತೆ ತಂಪು ಮಾಡಬೇಕು. ಅಷ್ಟರಲ್ಲಿ ಒಂದು ಹಗಲು ಹೋಗುತ್ತದೆ. ತಂಪು ಗಾಳಿಯಿಲ್ಲದ ಓಣಿಯಲ್ಲಿ ಏಳುನೂರು ಜನ ಅಷ್ಟು ಹೊತ್ತು ಬದುಕುವುದಿಲ್ಲ. ಪಕ್ಕದ ಓಣಿಗೆ ಸಾಗಿಸೋಣವೆಂದರೆ ಅವು ಬೇರೆ ಬೇರೆ ಗಣಿಗಳು, ನಡುವೆ ಬಟಾಬಯಲು. ತಂಪಿರುವ ಗಾಡಿಗಳು ಎರಡೇ. ಬದಲಿ ಮೊಣಕೈಗಳು ಅವನ್ನು ತಯಾರಿಸುವ ಕಾರ್ಖಾನೆಯ ಕಪಾಟಿನಲ್ಲಿದ್ದವು, ಎಲ್ಲವೂ ಅದೇ ಕೈಗಳು ಮಾಡಿದ ಅದೇ ಚೂಪು ಮೂಲೆಯವು.

ಭೀಮಶಾ ಕಾರ್ಖಾನೆಯಿಂದ ಬಂದ. ಜಗದೇವಿ ಹೇಳಿದ್ದನ್ನು ನಿಂತೇ ಕೇಳಿದ.  ತಪ್ಪು ನಿನ್ನದೊಂದೇ ಅಲ್ಲ, ಒಪ್ಪಿದವಳು ನಾನು, ಲೆಕ್ಕ ಹಾಕಿದವಳೂ ನಾನು ಎಂದು ಅವಳು ಹೇಳತೊಡಗಿದಾಗ ಅವನು ಕೈಯೆತ್ತಿ ತಡೆದ. ಅದು ಆಮೇಲಿನ ಮಾತು, ಎಂದ. ಬೆಚ್ಚಗಾಗಲು ಕಾಯದೆ ಚಳಿಯಲ್ಲೇ ಪೆಟ್ಟಿಗೆ ಬಿಚ್ಚಿ, ಇದ್ದ ಮೊಣಕೈಯ ಮೂಲೆಯನ್ನೇ ಉಜ್ಜಿ ಹೊಸ ಕಾಗದ ಸುತ್ತಿದರೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿದ. ಗುರುಪಾದಪ್ಪನವರು ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ ಎಂದರು, ಆದರೆ ಸಾರಜನಕ ಬಸಿದ ಮೇಲೂ ಆ ಲೋಹ ಮುಟ್ಟಿದರೆ ಚರ್ಮ ಕಿತ್ತುಕೊಂಡು ಬರುತ್ತದೆ, ದಪ್ಪ ಕೈಗವಸು ಹಾಕಿಕೊಂಡು ಕಾಗದದ ಪಟ್ಟಿ ಸುತ್ತಿದರೆ ಸುಕ್ಕು ಬೀಳುತ್ತದೆ, ಸುಕ್ಕಿನಲ್ಲಿ ಮತ್ತೆ ಕಿಡಿ ಹುಟ್ಟುತ್ತದೆ ಎಂದೂ ಹೇಳಿದರು.

"ಅಂದ್ರ ಬರಿಗೈಲೆ ಸುತ್ತಬೇಕು," ಎಂದ ಭೀಮಶಾ.

ಜಗದೇವಿ ಬೇಡವೆಂದು ಹೇಳಲಿಲ್ಲ. ಹೇಳಬೇಕೆನಿಸಿತು. ಇನ್ನೊಬ್ಬರನ್ನು ಕಳಿಸಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆ ಇನ್ನೊಬ್ಬರಿಗೂ ಕೈಗಳಿರುತ್ತವೆ, ಹೆಂಡತಿ ಇರುತ್ತಾಳೆ.

ಗಾಡಿಗಳಲ್ಲಿ ಬಾಣಂತಿಯರು, ಎಳೆಕೂಸುಗಳು, ಬಸುರಿಯರು ಹೊರಟರು. ಹುಸೇನಪ್ಪನನ್ನೂ ಹತ್ತಿಸಲು ಮಾಲನಬಿ ನೋಡಿದಳು. ತನ್ನ ಮೈಗೆ ಎರಡು ಕೂಸುಗಳ ಜಾಗ ಬೇಕಾಗುತ್ತದೆ ಎಂದು ಮುದುಕ ನೆಲ ಬಿಟ್ಟು ಏಳಲಿಲ್ಲ. ಮೂರನೇ ಸುತ್ತಿಗೆ ಒಂದು ಗಾಡಿ ಬಯಲಲ್ಲಿ ಕೆಟ್ಟು ನಿಂತಿತು. ಇನ್ನೊಂದನ್ನು ಅದರೊಳಗಿನವರನ್ನು ತರಲು ಕಳಿಸಬೇಕಾಯಿತು. ಅದು ಹೊರಡುವ ಮುಂಚೆ ಗುರುಪಾದಪ್ಪನವರು ಜಗದೇವಿಯ ಕಿವಿಯ ಬಳಿ ಬಂದು, ಒಂದು ಜಾಗ ಇದೆ, ನೀಲಾಳನ್ನು ಕೂಡಿಸಿಬಿಡು, ಯಾರೂ ಏನೂ ಅನ್ನುವುದಿಲ್ಲ ಎಂದರು.

ಯಾರೂ ಏನೂ ಅನ್ನುವುದಿಲ್ಲ ನಿಜ. ಆದರೆ ನಿಯಂತ್ರಣ ಕೋಣೆಯ ಜಗದೇವಿ ಮಗಳನ್ನು ಹೊರಗೆ ಸಾಗಿಸಿದಳು ಎಂದು ಗೊತ್ತಾದ ಮರುಗಳಿಗೆ ಓಣಿಯ ಅಷ್ಟೂ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಗೆ ನುಗ್ಗುತ್ತಾರೆ. ಆ ಮೆಟ್ಟಿಲು ಇಬ್ಬರು ಪಕ್ಕಪಕ್ಕ ನಡೆಯುವಷ್ಟೂ ಅಗಲವಿಲ್ಲ. ಜಗದೇವಿ ಬೇಡವೆಂದು ತಲೆಯಾಡಿಸಿದಳು. ತಾನು ಮಾಡಿದ್ದು ಸರಿಯೇ ಎಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. 

ಕರೆಂಟು ತೆಗೆದರು. ಸ್ಪೀಕರಿನ ಗುಂಯ್ ಸದ್ದು ನಿಂತಾಗಲೇ ಅದು ಇಷ್ಟು ದಿನ ಇತ್ತೆಂದು ಎಲ್ಲರಿಗೂ ಗೊತ್ತಾದದ್ದು.

ನಿಯಂತ್ರಣ ಕೋಣೆಯ ಕ್ಯಾಮೆರಾ ತೆರೆಯ ಮೇಲೆ ಭೀಮಶಾ ಗುಂಡಿಗೆ ಇಳಿಯುವುದು ಕಂಡಿತು. ಲೋಹದ ಮೇಲೆ ಗಾಳಿಯ ತೇವ ಹಿಮವಾಗಿ ಕೂರದಂತೆ ಒಣ ಸಾರಜನಕವನ್ನು ಊದುತ್ತಿದ್ದರು. ಹಾಗಾಗಿ ಅವನ ಮುಖಕ್ಕೆ ಗಾಳಿಯ ಮುಖವಾಡ, ಬೆನ್ನಿಗೆ ಸಿಲಿಂಡರು. ಪೆಟ್ಟಿಗೆಯ ಮುಚ್ಚಳ, ಹೊರಗಿನ ಕೊಳವೆಯ ಅರ್ಧ ಹೋಳು, ಸುಟ್ಟ ಕಾಗದ, ಎಲ್ಲವನ್ನೂ ಕೈಗವಸು ಹಾಕಿಕೊಂಡೇ ಬಿಚ್ಚಿದ. ಕಡ್ಡಿ ಕಂಡಿತು. ಇಷ್ಟು ವರ್ಷಗಳಾದರೂ ಅದರ ಮೂಲೆ ಹೊಸದರಂತೆ ಹೊಳೆಯುತ್ತಿತ್ತು, ಪಕ್ಕದಲ್ಲಿ ಮಾತ್ರ ಉಗುರಿನಷ್ಟು ಕರಿ. ಅವನು ಒಂದು ಗಳಿಗೆ ಅದನ್ನೇ ನೋಡುತ್ತ ನಿಂತ. ಆಮೇಲೆ ಅರ ತೆಗೆದುಕೊಂಡು ಉಜ್ಜತೊಡಗಿದ. ಆ ಚಳಿಯಲ್ಲಿ ಲೋಹ ಗಾಜಿನಂತೆ ಕಿರುಗುಟ್ಟುತ್ತಿತ್ತು. ಜಗದೇವಿ ಕಿವಿ ಮುಚ್ಚಿಕೊಳ್ಳಲಿಲ್ಲ, ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ; ಒಂದು ಕಿವಿಯಲ್ಲಿ ಓಣಿಯ ಫೋನಿತ್ತು.

ಫೋನಿನ ಆಚೆ ಮಾಲನಬಿ. ಎಲ್ಲರನ್ನೂ ನೆಲದ ಮೇಲೆ ಮಲಗಿಸಿದ್ದಾಗಿ, ಮಾತಾಡಬೇಡಿ ಎಂದು ಹೇಳಿದ್ದಾಗಿ, ಇದ್ದ ನೀರಲ್ಲಿ ಸೀರೆ ಪಂಚೆಗಳನ್ನು ನೆನೆಸಿ ಮಕ್ಕಳಿಗೂ ಮುದುಕರಿಗೂ ಹೊದಿಸಿದ್ದಾಗಿ ವರದಿ ಕೊಡುತ್ತಿದ್ದಳು. ಬಂಡೆ ಬೆಚ್ಚಗಾಗುತ್ತಿದೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಬಂಡೆಯ ಮೇಲೆ ಕೈಯಿಡಲಾಗುತ್ತಿಲ್ಲ ಎಂದಳು. ನೀಲಾ ಎರಡು ಸಲ ವಾಂತಿ ಮಾಡಿಕೊಂಡಳು, ಈಗ ಮಲಗಿದ್ದಾಳೆ, ಉಸಿರಾಡುತ್ತಿದ್ದಾಳೆ ಎಂದಳು. ಜಗದೇವಿ ಹೂಂ ಎಂದಳು. 

ತೆರೆಯ ಮೇಲೆ ಭೀಮಶಾ ಕೈಗವಸು ಕಳಚಿದ. ಮೂಲೆ ಉರುಟಾಗಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದ. ಅವನ ಮೈ ಒಮ್ಮೆ ಜಗ್ಗಿತು. ಹೆಬ್ಬೆರಳು ಬಿಡಿಸಿಕೊಂಡಾಗ ಅದರ ಚರ್ಮ ಅಲ್ಲೇ ಉಳಿಯಿತು. ಅದನ್ನು ಒರೆಸಿ, ಮತ್ತೆ ಅರ ಹಿಡಿದು, ಮತ್ತೆ ಸವರಿದ. ಆಮೇಲೆ ಕಾಗದದ ಪಟ್ಟಿ. ಒಂದು ಸುತ್ತಿನ ಮೇಲೆ ಅರ್ಧ ಕೂರುವಂತೆ ಇನ್ನೊಂದು ಸುತ್ತು, ತಿರುವಿನಲ್ಲಿ ಒಳಬದಿಗೆ ಬಿಗಿ, ಹೊರಬದಿಗೆ ಎಳೆತ. ಬೆರಳುಗಳು ಮೊದಲು ಕೆಂಪಾದವು, ಆಮೇಲೆ ಬಿಳಿಯಾದವು. ಬಿಳಿಯಾದ ಮೇಲೆ ನೋವಾಗುವುದಿಲ್ಲ ಎಂದು ಗುರುಪಾದಪ್ಪನವರು ಸಮಾಧಾನಕ್ಕೆ ಹೇಳಿದರು. ಅದು ಸಮಾಧಾನವಲ್ಲ ಎಂಬುದು ಹೇಳಿದವರಿಗೂ ಗೊತ್ತಿತ್ತು. ಕೊನೆಯ ಸುತ್ತುಗಳನ್ನು ಭೀಮಶಾ ಬೆರಳಿನಿಂದಲ್ಲ, ಅಂಗೈಯ ಬುಡದಿಂದ ಒತ್ತಿ ಒತ್ತಿ ಕೂರಿಸಿದ. ಕೊಳವೆಯ ಹೋಳು ಮುಚ್ಚಿ ಬೋಲ್ಟು ಬಿಗಿಯಲು ಇನ್ನಿಬ್ಬರು ಇಳಿಯಬೇಕಾಯಿತು. ಅವನ ಕೈಯಲ್ಲಿ ಪಾನಾ ನಿಲ್ಲುತ್ತಿರಲಿಲ್ಲ.

ಇನ್ನು ಸಾರಜನಕ ತುಂಬಬೇಕು. ನಿಧಾನವಾಗಿ ತುಂಬಬೇಕು, ಒಮ್ಮೆಗೇ ಬಿಟ್ಟರೆ ಹೊಸ ಕಾಗದ ಎಲ್ಲ ಕಡೆ ಒಂದೇ ಸಮನೆ ಕುಗ್ಗದೆ ಬಿರುಕು ಬಿಡುತ್ತದೆ, ನಡುವೆ ಗುಳ್ಳೆ ಉಳಿಯುತ್ತದೆ. ಗುಳ್ಳೆ ಇದ್ದಲ್ಲಿ ಕಿಡಿ. ಕಿಡಿ ಎಂದರೆ ಮತ್ತೆ ಮೊದಲಿನಿಂದ, ಅಥವಾ ಮೊದಲೇ ಹೇಳಿದ ಹಾಗೆ ಏಳುನೂರು ಜನ ಮಲಗಿದಲ್ಲೇ. ಕವಾಟದ ಮುಂದೆ ಕೂತ ಗುರುಪಾದಪ್ಪನವರು ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು ಹನಿಹನಿಯಾಗಿ ಬಿಡುತ್ತಿದ್ದರು.

"ಅಕ್ಕಾ, ಇನ್ನ ಎಷ್ಟೊತ್ತದ?" ಎಂದಳು ಮಾಲನಬಿ.

ಸ್ವಲ್ಪ, ಎಂದಳು ಜಗದೇವಿ.

"ಅಪ್ಪ ಮಾತಾಡವಲ್ಲ. ಕಣ್ಣ ಮ್ಯಾಲ ಮಾಡ್ಯಾನ. ಜಲ್ದಿ ಬಿಡ್ಲಿಕ್ಕ ಬರಲ್ಲೇನು?"

ಗುರುಪಾದಪ್ಪನವರಿಗೂ ಅದು ಕೇಳಿಸಿತು. ಅವರು ಕವಾಟದ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನೋಡಿದರು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದ ಮನುಷ್ಯನ ಕಣ್ಣಲ್ಲಿ ನೀರಿತ್ತು. ಒಳಗೆ ಇರುವುದು ನಿನ್ನ ಮಗಳು, ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ, ತಿರುಗಿಸು ಎಂದರೆ ತಿರುಗಿಸುತ್ತೇನೆ ಎಂದರು.

ಜಗದೇವಿಗೆ ತಿರುಗಿಸಿ ಎನ್ನಬೇಕೆನಿಸಿತು. ಎದ್ದು ಹೋಗಿ ತಾನೇ ತಿರುಗಿಸಬೇಕೆನಿಸಿತು. ನೀಲಾಳ ವಾಂತಿಯಾದ ಬಾಯನ್ನು ಯಾರು ಒರೆಸಿರಬಹುದು ಎಂಬ ಯೋಚನೆಯೊಂದು ಎಲ್ಲಿಂದಲೋ ಬಂದು ಅವಳನ್ನು ಹಿಂಡಿತು. ಪರೀಕ್ಷೆಯ ಮೇಜಿನ ಮುಂದೆ ಕೂತು ಅವಳು ಒಮ್ಮೆ ಕಣ್ಣಿಗೆ ಕಂಡದ್ದರ ಮಾತು ಕೇಳಿ ನಕ್ಷೆಯ ಮಾತು ಬಿಟ್ಟಿದ್ದಳು. ಈಗ ಕಿವಿಗೆ ಬಿದ್ದದ್ದರ ಮಾತು ಕೇಳಿದರೆ ಮುಗಿಯಿತು.

"ನಿಧಾನನೇ ಬಿಡ್ರಿ ಸರ್," ಎಂದಳು. ಆಮೇಲೆ ಫೋನಿಗೆ, "ಮಾಲನಬಿ, ಆಗಲ್ಲವ್ವ. ಜಲ್ದಿ ಬಿಟ್ರ ಎಲ್ಲಾರೂ ಹೋಗ್ತೀರಿ."

  ಮಾಲನಬಿ ಮೆಲ್ಲಗೆ, ಅಪ್ಪನ ಮೇಲಿನ ಒದ್ದೆ ಪಂಚೆ ತೆಗೆದು ನೀಲಾಳಿಗೆ ಹೊದಿಸುತ್ತಿದ್ದೇನೆ, ಅವನಿಗೆ ಇನ್ನು ಬೇಕಾಗಿಲ್ಲ ಎಂದಳು. ಜಗದೇವಿ ಮೇಜಿಗೆ ಹಣೆ ಹಚ್ಚಿದಳು. ಅಳು ಬರಲಿಲ್ಲ. ಕವಾಟದ ಮುಳ್ಳು ಹಸಿರಿಗೆ ಬಂದದ್ದನ್ನು ಗುರುಪಾದಪ್ಪನವರು ಹೇಳಿದಾಗಲೇ ತಲೆಯೆತ್ತಿದ್ದು.

ಕರೆಂಟು ಕೊಟ್ಟರು. ಸ್ಪೀಕರಿನಲ್ಲಿ ಗುಂಯ್ ಎಂದಿತು. ಇಡೀ ಕೋಣೆ ಆ ಸದ್ದಿನ ನಡುವೆ ಸಾಸಿವೆಗಾಗಿ ಕಿವಿಗೊಟ್ಟು ನಿಂತಿತು. ಒಂದೂ ಸಿಡಿಯಲಿಲ್ಲ. ತಂಪು ಗಾಳಿ ಓಣಿಯೊಳಗೆ ಹೋಯಿತು.

ಒಂಬತ್ತು ಜನ ಉಳಿಯಲಿಲ್ಲ. ನೀಲಾ ಉಳಿದಳು. ಭೀಮಶಾನನ್ನು ಮೂರನೇ ಓಣಿಯ ಆಸ್ಪತ್ರೆಗೆ ಸೇರಿಸಿದರು. ಎರಡೂ ಕೈಗಳಿಗೆ ಬಟ್ಟೆ ಸುತ್ತಿ, ಬೆರಳುಗಳ ವಿಷಯ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು, ಹೇಳಿದ ರೀತಿಯಲ್ಲೇ ಎಲ್ಲ ಹೇಳಿಬಿಟ್ಟರು. ಹುಸೇನಪ್ಪ ಹೋದನೆಂದು ಜಗದೇವಿಯೇ ಅವನಿಗೆ ತಿಳಿಸಿದಳು. ಕವಾಟ ನಿಧಾನ ಬಿಡಿಸಿದವಳು ತಾನು ಎಂಬುದನ್ನೂ ಸೇರಿಸಿ ಹೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೇರೆ ಓಣಿಗಳಲ್ಲೂ ಅದೇ ಮೂಲೆ ಇದೆ ಎಂದು ಗೋಡೆಗೇ ಹೇಳಿದ.

ಅದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೇ ಓಣಿಯದು ಆಗಲೇ ಒಂದೊಂದು ಸಾಸಿವೆ ಸಿಡಿಸತೊಡಗಿತ್ತು.

ಮರುದಿನ ಕಾರ್ಖಾನೆಯಲ್ಲಿ ಕಪಾಟು ತೆಗೆದು ಬದಲಿ ಮೊಣಕೈಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟರು. ಉರುಟು ಮಾಡಿ ಸಿದ್ಧವಿಟ್ಟುಕೊಂಡರೆ ಓಣಿಯಲ್ಲಿ ಕರೆಂಟು ತೆಗೆದಿಡುವ ಹೊತ್ತು ಅಷ್ಟಾದರೂ ಉಳಿಯುತ್ತದೆ. ಜೋಡಣೆಯವರೆಲ್ಲ ಬಂದಿದ್ದರು, ಗಂಡಸರು ಹೆಂಗಸರು, ಎಲ್ಲ ಹುಸೇನಪ್ಪನ ಕೈಕೆಳಗೆ ಬೆಳೆದವರು. ಕೆಲವರು ಹೊತ್ತು ಹುಟ್ಟುವ ಮುಂಚೆ ಅವನಿಗೆ ಮಣ್ಣು ಕೊಟ್ಟು ಹಾಗೇ ಬಂದಿದ್ದರು. ಭೀಮಶಾನನ್ನು ಆಸ್ಪತ್ರೆಯಿಂದ ಕುರ್ಚಿಯಲ್ಲಿ ಹೊತ್ತು ತಂದು ಮೇಜಿನ ತುದಿಗೆ ಕೂರಿಸಿದ್ದರು. ಜಗದೇವಿ ನಕ್ಷೆ ಹಿಡಿದು ಎಷ್ಟು ಉರುಟಾಗಬೇಕೆಂದು ವಿವರಿಸಿದಳು. ಎಲ್ಲರೂ ಕೇಳಿಸಿಕೊಂಡರು. ಯಾರೂ ಕೈ ಮುಂದೆ ಮಾಡಲಿಲ್ಲ. ಸಿಟ್ಟಿನಿಂದ ಅಲ್ಲ. ಆ ಅಂಚುಗಳ ಮೇಲೆ ಬೆಳಕು ಬಿದ್ದಿತ್ತು, ಅವನ್ನು ಕಲಿಸಿದವನು ಇನ್ನೂ ಹಸಿ ಮಣ್ಣಿನ ಕೆಳಗಿದ್ದ, ಮೊದಲ ಅರ ಎಳೆಯುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಬಾಗಿಲಲ್ಲಿ ಮಾಲನಬಿ ಕಂಡಳು. ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಜನ ಸರಿದು ದಾರಿ ಬಿಟ್ಟರು. ಅವಳು ಜಗದೇವಿಯನ್ನು ನೋಡಲಿಲ್ಲ, ಭೀಮಶಾನನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದವುಗಳಲ್ಲಿ ಒಂದನ್ನು ಹುಡುಕಿ ಎತ್ತಿಕೊಂಡಳು. ಅದು ಹುಸೇನಪ್ಪ ಕಣ್ಣು ಮಂಜಾಗುವ ಮುಂಚೆ ತಾನೇ ಕೂತು ಮಾಡಿದ್ದು, ಹೇಗೆ ಮಾಡಬೇಕೆಂದು ಉಳಿದವರಿಗೆ ತೋರಿಸಲು. ಅದನ್ನು ಮೇಜಿಗೆ ಬಿಗಿದಿದ್ದ ಇಕ್ಕಳದಲ್ಲಿ ಕಚ್ಚಿಸಿ ತಿರುಪು ಬಿಗಿದಳು. ಅರ ಕೈಗೆತ್ತಿಕೊಂಡಳು.

"ಎಷ್ಟ ತೆಗೀಲಿ?" ಎಂದಳು.

ಜಗದೇವಿ ನಕ್ಷೆಯಲ್ಲಿದ್ದ ಅಳತೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭೀಮಶಾ ಮಾತಾಡಿದ. ಬಟ್ಟೆ ಸುತ್ತಿದ ಎರಡೂ ಕೈಗಳು ಅವನ ತೊಡೆಯ ಮೇಲಿದ್ದವು.

"ಛಂದ ಕಾಣೋದು ನಿಂದ್ರೂತನಕ ತೆಗಿ, ತಂಗಿ."

ಮಾಲನಬಿ ಅರ ಎಳೆದಳು.